ಉಡಿ ತುಂಬಿಸಿಕೊಂಡು ಹೋದ ಗಾಡಿ

ನನಗೆ ಬಂದ ಮೊದಲ ಸಂಬಂಧ ಒಂದು ಕಾರಿನಿಂದಾಗಿ ಮುರಿಯಿತು ಎಂದರೆ ಕೇಳಿದವರು ಅಪಘಾತವೆಂದುಕೊಂಡು ಅಯ್ಯೋ ಪಾಪ ಎನ್ನುತ್ತಾರೆ. ಅಪಘಾತವಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ತಲೆ ಎತ್ತಿ ಹೇಳಬಹುದಿತ್ತು. ಆದದ್ದು ಬೇರೆ. ಅದನ್ನು ಹೇಳುವಾಗ ಈ ವಯಸ್ಸಿನಲ್ಲೂ ನನ್ನ ಕಿವಿಗಳು ಬಿಸಿಯಾಗುತ್ತವೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆಳಂದದಲ್ಲಿ ಅಪ್ಪನದು ತೊಗರಿ ವ್ಯಾಪಾರ. ತೊಗರಿ ಹೇರಿಕೊಂಡು ಹೈದರಾಬಾದಿಗೆ ಲಾರಿಯಲ್ಲಿ ಹೋದವನು ಒಂದು ಸಲ ಕಾರಿನಲ್ಲಿ ತಿರುಗಿ ಬಂದ. ಅಮೆರಿಕದ ಗಾಡಿ. ಯಾವುದೋ ದೊಡ್ಡ ಮನೆತನದವರ ಷೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿದ್ದದ್ದು. ಹಸಿರು ಬಣ್ಣ, ನಾಲ್ಕು ಬಾಗಿಲು, ಎಂಟು ಸಿಲಿಂಡರಿನ ಎಂಜಿನ್, ನಮ್ಮ ಓಣಿಗೆ ಸರಿಯಾಗಿ ಹಿಡಿಸುವಷ್ಟು ಅಗಲ. ಅದು ಒಳಗೆ ಬಂದರೆ ಎದುರಿಗಿದ್ದ ಎಮ್ಮೆ ಹಿಂದಕ್ಕೆ ನಡೆಯಬೇಕು. "ಕುಂದ್ರಾಕ ಮನಿ ಗಾಡಿ, ಓಡಾಕ ರೇಸಿನ ಗಾಡಿ" ಎಂದು ಅಪ್ಪ ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸುತ್ತಿದ್ದ. ಬಂದವರು ತೊಗರಿ ಮಾರಲು ಬಂದವರು. ಅವರಿಗೆ ಸಿಲಿಂಡರ್ ತೆಗೆದುಕೊಂಡು ಏನಾಗಬೇಕು? ಆದರೂ "ಭಾರಿ ಅದರೀ ಸಾವ್ಕಾರ್ರ" ಅನ್ನುತ್ತಿದ್ದರು.

ಭಾರಿ ಇತ್ತು, ಸುಳ್ಳು ಯಾಕೆ ಹೇಳಲಿ. ಗುಲಬರ್ಗಾ ರಸ್ತೆಯಲ್ಲಿ, ಎರಡೂ ಕಡೆ ಎರೆಹೊಲ ಬಿಟ್ಟರೆ ಬೇರೇನಿಲ್ಲದ ಕಡೆ, ಅಪ್ಪ ಕಾಲು ಒತ್ತಿದನೆಂದರೆ ಸೀಟು ನನ್ನ ಬೆನ್ನನ್ನು ಮುಂದಕ್ಕೆ ನೂಕುತ್ತಿತ್ತು. ಸರ್ಕಾರಿ ಬಸ್ಸನ್ನು ಹಿಂದೆ ಹಾಕಿ, ಅದರ ಡ್ರೈವರನ ಮುಖಕ್ಕೆ ನಮ್ಮ ಧೂಳು ಹಾರಿಸಿ ಹೋಗುವುದಿದೆಯಲ್ಲ, ಅಂಥ ಸುಖ ನನಗೆ ಆಮೇಲೆ ಸಿಕ್ಕಿಲ್ಲ. ಅವ್ವ ಹತ್ತಲು ಒಪ್ಪುತ್ತಿರಲಿಲ್ಲವಾದ್ದರಿಂದ ಮುಂದಿನ ಸೀಟು ನನ್ನದೇ. ಲಾರಿ ರಿಪೇರಿಯ ಉಸ್ತಾದ್ ಚಾಚಾ ಹಿಂದೆ ಕೂತು, "ಬೇಟಿ, ಇದು ಗಾಡಿ ಅಲ್ಲ, ಶೇರ್ ಅದ ಶೇರ್!" ಎಂದು ಕೂಗುತ್ತಿದ್ದ.

ಆ ಹುಲಿ ಕುಡಿಯುತ್ತಿದ್ದದ್ದು ಮಾತ್ರ ಪೆಟ್ರೋಲು, ಅದೂ ದರ ಏರುತ್ತಲೇ ಇದ್ದ ದಿನಗಳಲ್ಲಿ. "ಗುಲಬರ್ಗಾಕ್ಕ ಒಂದ್ ಸಲ ಹೋಗಿ ಬಂದ್ರ ಒಂದ್ ಚೀಲ ತೊಗರಿ ನುಂಗ್ತದ. ನಮ್ಮ ಎಮ್ಮಿ ನುಂಗಿದ್ರ ಹೆಂಡಿನರ ಹಾಕ್ತದ" ಎಂದು ಅವ್ವ ಕುಟುಕುತ್ತಿದ್ದಳು. ಟೈರು ಬೇಕೆಂದರೆ ಮುಂಬಯಿ, ಒಂದು ಸಣ್ಣ ನಟ್ಟಿಗೂ ಹೈದರಾಬಾದು. ಮಾಳಿಗೆ ಸೋರುತ್ತಿತ್ತು, ಅದು ಮುಂದಿನ ವರ್ಷಕ್ಕೆ ಹೋಯಿತು. ಅಪ್ಪ ಲೆಕ್ಕ ಬಲ್ಲವನೇ. ತೂಕದಲ್ಲಿ ಕಾಳು ಹೆಚ್ಚುಕಮ್ಮಿಯಾಗಲು ಬಿಡದ ಮನುಷ್ಯ. ಗಾಡಿಯೆದುರು ಮಾತ್ರ ಅವನ ತಕ್ಕಡಿ ಕೆಲಸ ಮಾಡುತ್ತಿರಲಿಲ್ಲ.

ಹೀಗಿರುವಾಗ ಅಫಜಲಪುರದ ಕಡೆಯ ಕರಜಗಿಯಿಂದ ನನಗೆ ಸಂಬಂಧ ಬಂತು. ನೀರಾವರಿ ಹೊಲ, ಕಬ್ಬು, ಓದಿದ ಹುಡುಗ. ತಂದದ್ದು ಇಜೇರಿಯ ನನ್ನ ಸೋದರಮಾವ. ನಾನು ಹೊಸ ಇಳಕಲ್ ಸೀರೆಯುಟ್ಟು ಚುರುಮುರಿ ಸುಸಲಾ, ಚಹಾ ತಂದಿಟ್ಟೆ. ಹುಡುಗ ಕಿಟಕಿಯಾಚೆ ನೋಡುತ್ತಿದ್ದ. ಕಿಟಕಿಯಾಚೆ ಗಾಡಿ. ಅವನ ತಂದೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, "ರೊಟ್ಟಿ ಬಡೀತಿ ಏನವ್ವ?" ಆಮೇಲಿನ ಪ್ರಶ್ನೆಗಳೆಲ್ಲ ಅಪ್ಪನಿಗೆ. ಎಷ್ಟು ಓಡ್ತದ, ಎಷ್ಟು ಮಂದಿ ಕೂಡ್ತಾರ, ಹಾರ್ನ್ ಹ್ಯಾಂಗದ. ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಒಳಗೆ ಹೋಗು ಎಂದು ಹೇಳುವುದೂ ಎಲ್ಲರಿಗೂ ಮರೆತುಹೋಗಿತ್ತು.

ಕಡೆಗೆ ಅವ್ವನೇ ಸೆರಗು ಹಿಡಿದೆಳೆದು ಒಳಗೆ ಕರೆದುಕೊಂಡಳು. ಬಾಗಿಲ ಹಿಂದೆ ನಿಂತು ಇಬ್ಬರೂ ಕೇಳಿಸಿಕೊಂಡೆವು. ಬಂಗಾರ ಇಷ್ಟು, ಅಪ್ಪ ಹೂಂ ಅಂದ. ಲಗ್ನ ನಿಮ್ಮ ಖರ್ಚಿನಲ್ಲಿ, ಹೂಂ ಅಂದ. ಹುಡುಗಿಯನ್ನು ಮುಂದೆ ಓದಿಸುವುದಿಲ್ಲ, ಅದಕ್ಕೂ ಹೂಂ ಅಂದ. ಆಮೇಲೆ ಬೀಗರಾಗುವವರು ಗಂಟಲು ಸರಿಮಾಡಿಕೊಂಡರು.

"ನಾವು ಶರಣರ ಮಂದಿರೀ, ಹುಂಡಾ ಅಂತ ಒಂದ್ ರೂಪಾಯಿ ಮುಟ್ಟೂದಿಲ್ಲ. ಹುಡುಗಗ ಆ ಗಾಡಿ ಮ್ಯಾಲ ಮನಸಾಗ್ಯಾದ. ಆಯೇರಿ ಅಂತ ಅದೊಂದು ಕೊಟ್ಟುಬಿಡ್ರಿ, ಸಾಕು."

ಅಪ್ಪ ಹೂಂ ಅನ್ನಲಿಲ್ಲ. ಪಡಸಾಲೆಯಲ್ಲಿ ಯಾರೋ ಚಹಾ ಹೀರಿದ ಸಪ್ಪಳ ಕೇಳಿತು. ಆಮೇಲೆ ಅಪ್ಪನ ದನಿ ಬಂತು: "ವಿಚಾರ ಮಾಡ್ತೇನ್ರಿ."

ಅವರು ಹೋದ ಮೇಲೆ ಅವ್ವ ಊಟಕ್ಕೆ ಬಡಿಸುತ್ತ, ತಾಟು ಕುಕ್ಕಿದಳು. "ಮಗಳನ್ನ ಕೊಡಾಕ ವಿಚಾರ ಮಾಡ್ಲಿಲ್ಲ. ಗಾಡಿ ಕೊಡಾಕ ವಿಚಾರ ಮಾಡ್ತೀರೇನು?"

ಅಪ್ಪ ರೊಟ್ಟಿ ಮುರಿದವನು ಹಾಗೇ ಹಿಡಿದು ಕೂತ. "ನೀ ತಿಳಕೊಳ್ಳವಲ್ಲಿ. ಮಗಳು ಪಂಚಮಿಗಿ ತಿರುಗಿ ಬರ್ತಾಳ. ಗಾಡಿ ಬರ್ತದೇನು?"

ಪಂಚಮಿಗೆ ಲಗ್ನವಾದ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮಲ್ಲಿ ರೂಢಿ. ಮಾತು ತಪ್ಪಲ್ಲ. ಅಪ್ಪ ಕೆಟ್ಟ ಮನಸ್ಸಿನಿಂದ ಆಡಿದ್ದೂ ಅಲ್ಲ, ಕಣ್ಣಲ್ಲಿ ನೀರಿತ್ತು. ಆ ನೀರು ಯಾರಿಗೆಂದು ತಿಳಿದೇ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾತು ಓಣಿಗೆ ಬಿದ್ದಿತು. ನೀರಿಗೆ ಹೋದರೆ "ಲಗ್ನ ಯಾವಾಗ?" ಎಂದು ಯಾರೂ ಕೇಳಲಿಲ್ಲ. "ಗಾಡಿ ಕೊಡ್ತಾರಂತೇನ?" ಎಂದೇ ಎಲ್ಲರ ಪ್ರಶ್ನೆ. ನನ್ನ ಗೆಳತಿಯಂತೂ ಕೊಡ ಇಳಿಸಿ, "ಏನ್ ಬೇ, ನಿನ್ನ ನಿಶ್ಚಯದ ಸಕ್ಕರಿ ಕಾರಣ ಮನ್ಯಾಗೋ ಗ್ಯಾರೇಜಿನ್ಯಾಗೋ?" ಎಂದು ಕಿಸಕ್ಕನೆ ನಕ್ಕಳು. ಅರ್ಧ ಕೊಡ ತುಂಬಿಕೊಂಡೇ ಮನೆಗೆ ಬಂದೆ.

ಸೋದರಮಾವ ಇಜೇರಿಯಿಂದ ಬಂದು ಅಪ್ಪನಿಗೆ ಮಂಗಳಾರತಿ ಮಾಡಿದ. "ನಾಚಿಕಿ ಅದನೋ ಇಲ್ಲೋ ನಿಮಗ?" ಅಪ್ಪ ಒಪ್ಪಿದ. ಬೀಗರು ಇನ್ನೊಂದು ಹೇಳಿಕಳಿಸಿದರು: ಲಗ್ನಕ್ಕೆ ಮೊದಲೇ ಗಾಡಿ ಒಂದೆರಡು ವಾರ ನಮ್ಮಲ್ಲಿರಲಿ, ಹುಡುಗನಿಗೆ ರೂಢಿಯಾಗಲಿ. ಅದಕ್ಕೂ ಒಪ್ಪಿದ. ಹೊರಡುವ ದಿನ ಗಾಡಿ ತೊಳೆದು, ಒರೆಸಿ, ಬಾನೆಟ್ಟಿಗೆ ವಿಭೂತಿ ಹಚ್ಚಿದ. ಟಾಕಿ ಕಂಠಮಟ ತುಂಬಿಸಿದ. ಆಮೇಲೆ ಮಾಡಿದ್ದನ್ನು ನೋಡಿ ಓಣಿಯೇ ನಕ್ಕಿತು. ಗಂಡನ ಮನೆಗೆ ಹೋಗುವ ಮಗಳಿಗೆ ಉಡಿ ತುಂಬುವಂತೆ, ಮುಂದಿನ ಸೀಟಿನ ಮೇಲೆ ಒಂದು ಕುಬುಸದ ಕಣ ಹಾಸಿ, ಅಕ್ಕಿ, ಅರಿಶಿನಕೊಂಬು, ತೆಂಗಿನಕಾಯಿ ಇಟ್ಟ. ಅದು ನನ್ನ ಸೀಟು. ಹಾಗೆ ನನ್ನ ಅತ್ತೆಮನೆಗೆ ನನಗಿಂತ ಮೊದಲು ಗಾಡಿ ಹೋಯಿತು. ಅಪ್ಪ ಬಸ್ಸಿನಲ್ಲಿ ತಿರುಗಿ ಬಂದ. ಅದೇ ಸರ್ಕಾರಿ ಬಸ್ಸು. ಊಟ ಬೇಡವೆಂದ.

ಕರಜಗಿಯವರು ಸುಮ್ಮನಿರುತ್ತಾರೆಯೇ? ಅಫಜಲಪುರದ ಸಂತೆಗೆ ಅದೇ ಗಾಡಿ, ಜೇವರ್ಗಿಯ ನೆಂಟರ ಮನೆಗೂ ಅದೇ ಗಾಡಿ. ಇಜೇರಿಯ ಹತ್ತಿರ ಪೆಟ್ರೋಲು ಖಾಲಿಯಾಗಿ ನಿಂತಾಗ ನನ್ನ ಸೋದರಮಾವನೇ ಎತ್ತು ಹೂಡಿ ಎಳೆಸಿದನಂತೆ. ಒಂದು ದಿನ ಹೇಳಿಕಳಿಸಿದರು: ಗಾಡಿ ವಿಷಯ ಮಾತಾಡುವುದಿದೆ, ಬಂದು ಹೋಗಿ. ಅಪ್ಪ ಉಸ್ತಾದ್ ಚಾಚಾನನ್ನು ಕರೆದುಕೊಂಡು ಬಸ್ಸು ಹತ್ತಿದ.

ಅಲ್ಲಿ ನಡೆದದ್ದನ್ನು ಚಾಚಾ ನಮಗೆ ಹೇಳಿದ್ದು ಆಮೇಲೆ. ಬೀಗರು ಕೈಮುಗಿದು, "ಇದನ್ನ ಸಾಕಬೇಕಂದ್ರ ನಮ್ಮ ಕಬ್ಬೆಲ್ಲಾ ಇದರ ಬಾಯಿಗೇ ಇಡಬೇಕ್ರಿ. ಮಾರಿ ಒಂದು ಟ್ರಾಕ್ಟರ್ ಕೊಡಸ್ರಿ, ಇಲ್ಲಾಂದ್ರ ಈ ಮಾತು ಇಲ್ಲಿಗೇ ಬಿಡೂನು" ಅಂದರಂತೆ. ಮಾರುವ ಮಾತು ಬಂದದ್ದೇ ತಡ, ಅಪ್ಪ ಒಂದು ಮಾತಿನ ಚೌಕಾಶಿಯನ್ನೂ ಮಾಡಲಿಲ್ಲವಂತೆ. ಎದ್ದು ಕೀಲಿಗೆ ಕೈ ಚಾಚಿದನಂತೆ.

ಮನೆಯಲ್ಲಿ ನಮಗೆ ಇದೊಂದೂ ಗೊತ್ತಿಲ್ಲ. ಮಧ್ಯಾಹ್ನ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದೆ. ಮಾದನಹಿಪ್ಪರಗಾ ರಸ್ತೆಯ ಕಡೆಯಿಂದ ಆ ಸದ್ದು ಬಂತು. ಎಂಟು ಸಿಲಿಂಡರಿನ ಗುಡುಗನ್ನು ನಿದ್ದೆಯಲ್ಲೂ ಗುರುತಿಸುತ್ತಿದ್ದೆ. ಮೊರ ಎಲ್ಲಿ ಬಿತ್ತೋ, ಕಾಳು ಎಲ್ಲಿ ಚೆಲ್ಲಿತೋ, ಬರಿಗಾಲಲ್ಲಿ ಓಡಿದೆ. ಓಣಿಯ ತುದಿಯಿಂದಲೇ ಅಪ್ಪ ಹಾರ್ನ್ ಹೊಡೆಯುತ್ತ ಬರುತ್ತಿದ್ದ, ಮುಖದ ತುಂಬ ನಗು. ಗಾಡಿ ನಿಂತ ಕೂಡಲೇ ಬಾನೆಟ್ಟಿನ ಮೇಲೆ ಕೈ ಇಟ್ಟೆ. ಬಿಸಿಯಾಗಿತ್ತು.

"ಅಪ್ಪಾ, ಗಾಡಿಗಿ ಏನೂ ಆಗಿಲ್ಲಲ್ಲ?"

"ಏನೂ ಆಗಿಲ್ಲವ್ವ. ಒಂದ್ ಸ್ಪ್ರಿಂಗ್ ಪಟ್ಟಿ ಮುರದದ, ಚಾಚಾ ಮಾಡ್ತಾನ."

ಅಪ್ಪನೂ ನಕ್ಕ, ನಾನೂ ನಕ್ಕೆ. ಚಾಚಾ ಹಿಂದಿನ ಬಾಗಿಲಿನಿಂದ ಇಳಿದವನು ತಲೆ ತಗ್ಗಿಸಿ ನಿಂತಿದ್ದ. ಅವ್ವ ಹೊಸ್ತಿಲು ಇಳಿದು ಬಂದು, ಮುಂದಿನ ಸೀಟಿನ ಕೆಳಗೆ ಉರುಳಿ ಬಿದ್ದಿದ್ದ ಉಡಿಯ ತೆಂಗಿನಕಾಯಿಯನ್ನು ಎತ್ತಿಕೊಂಡಳು.

"ಗಾಡಿ ತವರಿಗಿ ಬಂತು, ಛಲೋ ಆತು," ಅಂದಳು. "ಹುಡುಗೀದು ಏನಾತ್ರಿ?"

ಆ ಹುಡುಗಿ ನಾನೆಂಬುದು ನನಗೆ ಆಗ ನೆನಪಾಯಿತು.