ಫ್ರೀಜರಿನೊಳಗೆ ಕಾದ ಕಾವಲಿ

ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ನಾನೂ ವಿಜ್ಞಾನ ಓದಿದವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಇದನ್ನು ಕೇಳಿದ್ದು ನನ್ನದೇ ಕಿವಿ...

ಕೀಲ್ಪಾಕ್ ಕಡೆ ಒಂದು ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ನನ್ನ ಕೆಲಸ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರುಗಳನ್ನು, ರೋಗಿ ಒಪ್ಪಿದರೆ, ಪುಟ್ಟ ಟ್ಯೂಬುಗಳಲ್ಲಿ ಹಾಕಿ ಫ್ರೀಜರಿನಲ್ಲಿಡುತ್ತೇವೆ. ಕೇಳಿದ ಲ್ಯಾಬುಗಳಿಗೆ ಹಂಚುತ್ತೇವೆ. ವಯಸ್ಸು, ಕಾಯಿಲೆ, ಚಿಕಿತ್ಸೆಯ ವಿವರ ಜೊತೆಗೆ ಹೋಗುತ್ತದೆ, ಹೆಸರು ಹೋಗುವುದಿಲ್ಲ. ಯಾವುದು ಯಾರದ್ದೆಂದು ತಿಳಿಯುವ ಕೊಂಡಿಯನ್ನೇ ಕಡಿದಿರುತ್ತಾರೆ. ನಮಗೂ ಗೊತ್ತಾಗುವುದಿಲ್ಲ.

ನನ್ನ ಸೋದರಮಾವನೂ ಕೊಟ್ಟಿದ್ದರು. ಕುಂದಾಪುರದವರು, ಎಗ್ಮೋರಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಒಪ್ಪಿಗೆ ಕೇಳಿದಾಗ ಹಾಸಿಗೆಯಲ್ಲೇ ನಕ್ಕರು.

"ತಕಂಡ್ ಹೋಯ್ಲಿ ಮಾರಾಯ್ತಿ. ದೋಸಿ ಹಂಚ್ದಂಗೆ ಎಲ್ಲರಿಗೂ ಹಂಚ್. ಯಾರನ್ನೂ ಖಾಲಿ ಕೈಯಲ್ ಕಳ್ಸ್‌ಬ್ಯಾಡ."

ಅವರು ಹೆಚ್ಚು ದಿನ ಉಳಿಯಲಿಲ್ಲ. ಉತ್ತರಕ್ರಿಯೆಯ ದಿನ ಅವರ ರಾಯಪುರಂ ಮನೆಯ ತಾರಸಿಯಲ್ಲಿ ಎಲೆ ಹಾಕಿ ಬಡಿಸಿದೆವು. ಮೀನು ಬಂದರಿನ ಕಾಗೆಗಳು, ಕೈಯಲ್ಲಿದ್ದುದನ್ನೇ ಕಿತ್ತುಕೊಳ್ಳುವಂಥವು. ಅಂದು ಗೋಡೆಯ ಮೇಲೆ ಸಾಲಾಗಿ ಕೂತು ಎಲೆಯನ್ನು ನೋಡಿದವು, ಅಷ್ಟೇ. ಒಂದೂ ಇಳಿಯಲಿಲ್ಲ. ಅನ್ನ ಒಣಗಿತು.

ಅತ್ತೆ ನನ್ನನ್ನು ಮೆಟ್ಟಿಲ ಬಳಿ ಕರೆದರು.

"ಹೆಣೆ, ಅವ್ರದ್ದೊಂದ್ ತುಂಡ್ ನಿಮ್ಮ ಪೆಟ್ಟಿಗಿಯಲ್ ಇತ್ತಲ್ದಾ. ಅದನ್ನ ಸುಡ್ದೇ ಅವ್ರಿಗೆ ದಾರಿ ಇಲ್ಲ. ತಕಂಡ್ ಬಾ."

ಕೊಂಡಿ ಕಡಿಯುವ ನಿಯಮವನ್ನು ಬಿಡಿಸಿ ಹೇಳಿದೆ. ಇಷ್ಟೆಲ್ಲ ಓದಿ ನಿನ್ನ ಮಾವನನ್ನು ಗುರುತು ಹಿಡಿಯಲಾರೆಯಾ ಎನ್ನುವ ಹಾಗೆ ಅತ್ತೆ ನನ್ನ ಮುಖ ನೋಡಿದರು.

ಆ ವಾರ ನನಗೆ ರಾತ್ರಿ ಪಾಳಿ. ಫ್ರೀಜರ್ ಕೋಣೆಯಲ್ಲಿ ಯಂತ್ರಗಳ ಗುಂಯ್ ಎಂಬ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕಣ್ಣು ಎಳೆಯುತ್ತಿತ್ತು. ಆಗ...

ಚುಂಯ್.

ಕಾದ ಕಾವಲಿಗೆ ನೀರು ಚಿಮುಕಿಸಿದ ಸದ್ದು. ಹಿಂದೆಯೇ ಸರಕ್, ಸರಕ್... ಕಡ್ಡಿ ಪೊರಕೆಯಿಂದ ಕಾವಲಿ ಗುಡಿಸಿದಂತೆ. ಚಿಕ್ಕಂದಿನಿಂದ ಕೇಳಿದ ಸದ್ದು ಅದು. ಆ ಚಳಿಯ ಕೋಣೆಯಲ್ಲಿ ಎಣ್ಣೆ ಕಾದ ವಾಸನೆ ಎದ್ದಿತು.

ಬಾಗಿಲಲ್ಲಿ ವಾಚ್‌ಮನ್ ಅಣ್ಣ ಇಣುಕಿ ತಮಿಳಿನಲ್ಲಿ ಕೇಳಿದರು. "ಎನ್ನಮ್ಮಾ, ಉಳ್ಳೆ ದೋಸೈ ವಾಸನೈ ವರುದು?"

ದೋಸೆ ವಾಸನೆ ಅವರಿಗೂ ಬಂದಿತ್ತು. ಹೊರಗಿನದ್ದಿರಬೇಕು ಎಂದು ಅವರನ್ನು ಕಳಿಸಿದೆ.

ಅವರು ಹೋದ ಮೇಲೆ ಭಯದ ನಡುವೆಯೇ ಒಂದು ಆಸೆ ಹುಟ್ಟಿತು. ಮಾವ ಗುರುತು ತೋರಿಸುತ್ತಿದ್ದಾರೆ. ಸದ್ದು ಬರುವ ಕಡೆ ಹುಡುಕಿದರೆ ಸಿಗುತ್ತಾರೆ. ಮೊದಲ ಫ್ರೀಜರಿಗೆ ಕಿವಿ ಇಟ್ಟೆ. ಚುಂಯ್. ಇದೇ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ್ದರಿಂದ ಬಂತು. ಚುಂಯ್... ಆಮೇಲೆ ಗೋಡೆಯಂಚಿನದ್ದರಿಂದ.

ಆಗ ನೆನಪಾಯಿತು. ಒಂದು ಯಂತ್ರ ಕೆಟ್ಟರೂ ಎಲ್ಲ ಹಾಳಾಗಬಾರದೆಂದು ಒಬ್ಬರ ಚೂರುಗಳನ್ನು ನಾವು ಒಂದೇ ಕಡೆ ಇಡುವುದಿಲ್ಲ. ಎಲ್ಲದರಲ್ಲೂ ಹಂಚಿಡುತ್ತೇವೆ.

ಬೆಳಗಿನವರೆಗೆ ಆ ತಣ್ಣನೆಯ ಬಾಗಿಲುಗಳ ನಡುವೆ ನಿಂತೇ ಇದ್ದೆ.

ಪಾಳಿ ಮುಗಿಯುವ ಹೊತ್ತಿಗೆ ಫೋನ್ ಬಂತು. ನಾವು ಟ್ಯೂಬುಗಳನ್ನು ಕಳಿಸಿದ್ದ ಹೈದರಾಬಾದಿನ ಲ್ಯಾಬಿನ ಹುಡುಗಿ. ದನಿ ತಗ್ಗಿಸಿ ಕೇಳಿದಳು. ನಿಮ್ಮ ಪೆಟ್ಟಿಗೆಯೊಳಗೆ ಏನಾದರೂ ತಿಂಡಿ ಇಟ್ಟಿದ್ದಿರಾ, ರಾತ್ರಿಯೆಲ್ಲ ನಮ್ಮ ಫ್ರೀಜರಿನಿಂದ ದೋಸೆ ಹುಯ್ದ ವಾಸನೆ ಬರುತ್ತಿತ್ತು ಅಂತ.

ಇಲ್ಲ ಎಂದೆ. ಇನ್ನೂ ಯಾವ್ಯಾವ ಊರಿಗೆ ಕಳಿಸಿದ್ದೇವೆಂದು ನನಗೆ ಗೊತ್ತಿತ್ತು. ಅವಳಿಗೆ ಹೇಳಲಿಲ್ಲ.

ಅತ್ತೆ ಈಗಲೂ ಅಮಾವಾಸ್ಯೆಗೆ ತಾರಸಿಯಲ್ಲಿ ಎಲೆ ಹಾಕುತ್ತಾರೆ. ಕಾಗೆಗಳು ಬಂದು ಕೂರುತ್ತವೆ, ಇಳಿಯುವುದಿಲ್ಲ. ಆಮೇಲೆ ನನಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಾರೆ.

"ಸಿಕ್ತಾ?"

ಹುಡುಕುತ್ತಿದ್ದೇನೆ ಅತ್ತೆ ಎನ್ನುತ್ತೇನೆ. ಫೋನಿನ ಆ ಕಡೆ ಅವರು ಎಲೆ ಮಡಚುವ ಸದ್ದು ಕೇಳುತ್ತದೆ. ಈ ಕಡೆ, ನನ್ನ ಬೆನ್ನ ಹಿಂದೆ... ಚುಂಯ್.