ಲೋಟದ ತಳದಲ್ಲಿ ಕೂತ ಗಸಿ

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಚನ್ನರಾಯಪಟ್ಟಣದ ಹತ್ತಿರ ಜ್ಯೂಸ್ ಫ್ಯಾಕ್ಟರಿಗೆ ಹೋಗುತ್ತಿದ್ದೆನೆಂದು ನಿಮ್ಮಮ್ಮ ಹೇಳಿರಬಹುದು. ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಅಲ್ಲಿ ಮಾಡುತ್ತಿದ್ದದ್ದು ಜ್ಯೂಸಲ್ಲ, ದ್ರಾಕ್ಷಿಯ ವೈನು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಗೊತ್ತಾದರೆ ಬಾಡಿಗೆ ಮನೆ ಬಿಡಿಸುತ್ತಾರೆಂದು ಸುಳ್ಳು ಹೇಳಿದ್ದೆ. ಅದು ಬಯಲಾದೀತೆಂಬ ಹೆದರಿಕೆಗೆ ಯಾರ ಜಗಲಿಯ ಮೇಲೂ ಕೂರುತ್ತಿರಲಿಲ್ಲ. ನಿಮ್ಮಮ್ಮ ಹಾಸನದ ಹಾಸ್ಟೆಲಿನಲ್ಲಿದ್ದಳು.

ನನ್ನ ಕೆಲಸ ಫಿಲ್ಟರ್ ತೊಳೆಯುವುದು. ಬಾಟಲಿಗೆ ತುಂಬುವ ಮುಂಚೆ ವೈನು ಕೊನೆಯದಾಗಿ ಒಂದು ತೆಳು ಪೊರೆಯ ಮೂಲಕ ಹಾಯುತ್ತಿತ್ತು. ಅದರ ತೂತುಗಳು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಅದಕ್ಕೆ ಮೊದಲು ತಣ್ಣೀರು, ಬಳಿಕ ಬಿಸಿನೀರು ಹಾಯಿಸಬೇಕು, ಹಾಲಿನ ಪಾತ್ರೆ ತೊಳೆದ ಹಾಗೆ.

ಒಂದು ವಾರ ಆ ಪೊರೆ ಮೇಲಿಂದ ಮೇಲೆ ಕಟ್ಟಿಕೊಂಡಿತು. ಪಂಪು ನರಳಿದರೂ ವೈನು ತೊಟ್ಟಿಕ್ಕುತ್ತಿತ್ತಷ್ಟೇ. ಸೂಪರ್‌ವೈಸರ್ ಎಲ್ಲರ ಎದುರು, "ಏನಮ್ಮೋ, ತೊಳೀತೀಯೋ, ಇಲ್ಲಾ ನೀರು ತೋರ್ಸಿ ಮಡಗ್ತೀಯೋ? ಇನ್ನೊಂದ್ಸಲ ಕಟ್ಕಂಡ್ರೆ ಬ್ಯಾರೆಯೋರ್ನ ನೋಡ್ಕತೀನಿ ಕಣಮ್ಮ" ಎಂದ. ಲೇಬಲ್ ಅಂಟಿಸುವ ಹೆಂಗಸರು ನಕ್ಕರು.

ಕಾರಣ ನನಗೆ ಗೊತ್ತಿತ್ತು. ಆರ್ಡರಿನ ಅವಸರಕ್ಕೆ, ಗಸಿ ಇಳಿಯುವ ಮೊದಲೇ ಟ್ಯಾಂಕಿನ ತಳದ ನಲ್ಲಿಯಿಂದ ವೈನು ಎಳೆಯುತ್ತಿದ್ದರು. ಕಲಕಿದ ಸಾರಿನಲ್ಲಿ ತಿಳಿ ಎಲ್ಲಿ ಸಿಕ್ಕೀತು? ಹಣ್ಣಿನ ಅಂಟು, ಸತ್ತ ಈಸ್ಟು ಎಲ್ಲ ಬಂದು ಪೊರೆಗೆ ಗಂಜಿಯ ಹಾಗೆ ಮೆತ್ತಿಕೊಳ್ಳುತ್ತಿತ್ತು. ಏಳನೇ ಕ್ಲಾಸು ಓದಿದವಳು ಇದನ್ನು ಅವನಿಗೆ ಹೇಳುವುದು ಹೇಗೆ? ಹೊರಡುವಾಗ ಆ ನಲ್ಲಿಯಿಂದ ಒಂದು ಗಾಜಿನ ಲೋಟ ವೈನು ಹಿಡಿದು, ತಟ್ಟೆ ಮುಚ್ಚಿ, ಅವನ ಮೇಜಿನ ಮೇಲಿಟ್ಟು ಬಸ್ಸು ಹತ್ತಿದೆ. ಕೆಲಸ ಹೋದರೆ ನಿಮ್ಮಮ್ಮನ ಓದು ನಿಲ್ಲುತ್ತದೆಂದು ದಾರಿಯುದ್ದಕ್ಕೂ ಕೈಯಲ್ಲಿದ್ದ ದುಡ್ಡಿನ ಲೆಕ್ಕ ಹಾಕುತ್ತಿದ್ದೆ.

ಬೆಳಿಗ್ಗೆ ಅವನು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದ. ಮೇಲೆ ತಿಳಿ, ತಳದಲ್ಲಿ ದಪ್ಪ ಗಸಿ.

"ಯಾರವ್ವ ಇದ ಮಡಗಿದ್ದು?"

ಶಾಲೆಯಲ್ಲಿ ಮಾಡುತ್ತಿದ್ದಂತೆ ಕೈ ಎತ್ತಿದೆ.

"ಬಾಯಲ್ಲಿ ಯೋಳಕ್ಕೆ ಏನಾಗಿತ್ತು ನಿಂಗೆ?" ಎಂದು ಲೋಟ ಕೆಳಗಿಟ್ಟ.

ಅಂದಿನಿಂದ ಟ್ಯಾಂಕು ತಿಳಿಯಾಗುವವರೆಗೆ ಬಿಟ್ಟು, ಮೇಲಿನ ನಲ್ಲಿಯಿಂದ ಎಳೆದರು. ಪೊರೆ ಮತ್ತೆ ಹಾಗೆ ಕಟ್ಟಿಕೊಳ್ಳಲಿಲ್ಲ. ನನ್ನ ಕೆಲಸ ಉಳಿಯಿತು.

ಆ ಸಂಜೆ ಇದನ್ನು ಯಾರಿಗಾದರೂ ಹೇಳಬೇಕೆಂದು ಬಹಳ ಆಸೆಯಾಯಿತು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. "ಏನಕ್ಕ, ಇವತ್ತು ಮಕ ಅರಳೈತೆ?" ಎಂದಳು.

"ಜ್ಯೂಸು ಚೆನ್ನಾಗಿ ಬಂತು ಕಣೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.