ಉಪ್ಪಿನಕಾಯಿ ಬಾಟಲಿ ಮತ್ತು ಕೇಳದ ಪ್ರಶ್ನೆ

ನನ್ನ ಮೇಜಿನ ಮೇಲೆ, ಸೂಕ್ಷ್ಮದರ್ಶಕದ ಪಕ್ಕದಲ್ಲಿ, ಒಂದು ಖಾಲಿ ಉಪ್ಪಿನಕಾಯಿ ಬಾಟಲಿ ಇದೆ. ಎಷ್ಟು ತೊಳೆದರೂ ಮಾವಿನ ವಾಸನೆ ಬಿಡದ, ಚೀಟಿ ಅರ್ಧ ಕಿತ್ತುಹೋದ ಸಾಧಾರಣ ಬಾಟಲಿ. ದೇಹದ ಚೂರು ನೋಡಿ ರೋಗ ಹೇಳುವ ವೈದ್ಯೆಯ ರಾಯಚೂರಿನ ಲ್ಯಾಬಿನಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕೇಳಿ, ಆದರೆ ಮೆಲ್ಲಗೆ. ಪ್ರಶ್ನೆಗಳ ಸಹವಾಸದಿಂದ ನಾನು ಈಚೆಗೆ ದಣಿದಿದ್ದೇನೆ.

ಮಾನ್ವಿ, ದೇವದುರ್ಗಗಳಲ್ಲಿ ಕೊಯ್ದು ತೆಗೆದ ಚೂರುಗಳನ್ನು ಎಷ್ಟೋ ಸಲ ರೋಗಿಯ ಮನೆಯವರೇ ಬಸ್ಸಿನಲ್ಲಿ ತಂದುಕೊಡುತ್ತಾರೆ. ತನ್ನ ಅಕ್ಕ ಹನುಮವ್ವನ ಕುತ್ತಿಗೆಯ ಗಡ್ಡೆಯ ಚೂರನ್ನು ದೇವದುರ್ಗದಿಂದ ತಂದ ಮಲ್ಲಮ್ಮ, ಅದು ಕೆಡದಿರಲೆಂದು ಆಸ್ಪತ್ರೆಯವರು ಹಾಕಿಕೊಟ್ಟಿದ್ದ ಫಾರ್ಮಲಿನ್ ದ್ರಾವಣದ ಘಾಟು ತಾಳಲಾರದೆ ಅದನ್ನು ಮನೆಯಲ್ಲೇ ಚೆಲ್ಲಿ, ಚೂರನ್ನು ಈ ಬಾಟಲಿಗಿಳಿಸಿ ಮೇಲೆ ಒಂದು ಹಿಡಿ ಉಪ್ಪು ಸುರಿದಿದ್ದಳು.

"ಕೆಡಬಾರದಂತ ಉಪ್ಪು ಹಾಕೀನ್ರೀ ಯವ್ವಾ," ಎಂದಳು. ಮಾವಿನಕಾಯಿಗೆ ಸಲ್ಲುವ ನ್ಯಾಯ ಮಾಂಸಕ್ಕೆ ಸಲ್ಲದೆಂದು ಹೇಳದೆ ಬಾಟಲಿ ತೆಗೆದುಕೊಂಡೆ.

ಈಗ ನಮ್ಮಲ್ಲಿಗೊಂದು ಯಂತ್ರ ಬಂದಿದೆ. ಕೋಶಗಳ ಚಿತ್ರ ತೋರಿಸಿ ಪ್ರಶ್ನೆ ಬರೆದರೆ, ನೋಡಿ ಉತ್ತರ ಹೇಳುತ್ತದೆ. ಆ ಪ್ರಶ್ನೆಗೆ ಪ್ರಾಂಪ್ಟ್ ಎಂದು ಹೆಸರು. ಜೀವನವಿಡೀ ಉತ್ತರ ಹೇಳಿ ಕಣ್ಣು ಸವೆಸಿಕೊಂಡವಳು ಈ ವಯಸ್ಸಿನಲ್ಲಿ ಪ್ರಶ್ನೆ ಕೇಳುವುದನ್ನು ಕಲಿಯಬೇಕಾಗಿದೆ. "ಕುತ್ತಿಗೆಯ ಗಡ್ಡೆ, ಕ್ಯಾನ್ಸರ್ ಶಂಕೆ, ನೋಡಿ ಹೇಳು" ಎಂದು ಹನುಮವ್ವನ ಚೂರಿನ ಚಿತ್ರದ ಜೊತೆ ಬರೆದೆ. ಕ್ಯಾನ್ಸರ್ ಎಂದಿತು. ಶಂಕೆಯನ್ನು ಅಳಿಸಿ, ಕಂಡದ್ದನ್ನಷ್ಟೇ ಹೇಳೆಂದೆ. ಕೋಶಗಳು ಕಪ್ಪಾಗಿ ಮುದುಡಿವೆ, ಖಚಿತವಿಲ್ಲ ಎಂದು ರಾಗ ಎಳೆಯಿತು. ಉಪ್ಪಿನ ಸಂಗತಿ ತಿಳಿಸಿದೆ. ಹಾಗಾದರೆ ಅದು ಉಪ್ಪಿನ ಕೆಲಸವೂ ಇರಬಹುದು, ಹೊಸ ಚೂರು ಬೇಕು ಎಂದಿತು. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು? ಬೈಯೋಣವೆಂದರೆ, ಉಪ್ಪುಂಡ ಆ ಕೋಶಗಳಲ್ಲಿ ನನ್ನ ಕಣ್ಣಿಗೂ ಹೆಚ್ಚೇನು ಕಾಣಿಸಲಿಲ್ಲ.

"ಮತ್ತೊಮ್ಮಿ ಕೊಯ್ಯಬೇಕೇನ್ರೀ?" ಎಂದಳು ಮಲ್ಲಮ್ಮ. ಹೌದೆಂದೆ. ಹತ್ತಿ ಬಿಡಿಸುವ ಕೂಲಿಯ ಹನುಮವ್ವ ಎರಡನೆಯ ಸಲ ಕುತ್ತಿಗೆ ಒಡ್ಡಲು ಒಪ್ಪುವಷ್ಟರಲ್ಲಿ ವಾರಗಳು ಉರುಳಿದವು, ಗಡ್ಡೆ ಬೆಳೆಯಿತು.

ಹೊಸ ಚೂರು ಘಾಟಿನ ಸಮೇತ ಸರಿಯಾಗಿ ಬಂತು. ಯಂತ್ರವನ್ನು ಕೇಳುವ ಮೊದಲೇ ನನಗೆ ಕಂಡಿತು: ಕ್ಯಾನ್ಸರ್. ನನ್ನ ಶಂಕೆಯನ್ನೇ ನನಗೆ ತಿರುಗಿಸಿ ಕೊಟ್ಟಿದ್ದ ಆ ಮೊದಲ ಉತ್ತರ ಆಕಸ್ಮಿಕವಾಗಿ ನಿಜವಾಗಿಬಿಟ್ಟಿತ್ತು. ಅದನ್ನು ನಂಬದಿದ್ದದ್ದು ಸರಿಯೆಂದು ಬಲ್ಲೆ. ಆದರೂ ಆ ವಾರಗಳು ನೆನಪಾದರೆ ಸಂಕಟವಾಗುತ್ತದೆ.

ಸುದ್ದಿ ಕೇಳಿ ಮಲ್ಲಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿದಳು. ಆಮೇಲೆ ಕೇಳಿದಳು, "ನಾ ಉಪ್ಪು ಹಾಕಿದ್ದಕ್ಕ ಅಕ್ಕಗ ಈ ಬ್ಯಾನಿ ಬಂತೇನ್ರೀ?"

"ಇಲ್ಲವ್ವಾ, ಉಪ್ಪಿನಿಂದ ಈ ಬ್ಯಾನಿ ಬರಂಗಿಲ್ಲ."

ಅವಳ ಮುಖ ಒಂದಿಷ್ಟು ಸಡಿಲವಾಯಿತು. ವಾರಗಳು ಯಾಕೆ ಹೋದವೆಂದು ಅವಳು ಕೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ನಾನೂ ಯಂತ್ರದ ಹಾಗೆ ಸುಮ್ಮನಾದೆ.

ಬಾಟಲಿ ಇಲ್ಲೇ ಇದೆ. ಹೊಸ ಚಿತ್ರ ಬಂದಾಗ ಅದನ್ನೊಮ್ಮೆ ನೋಡಿ, ಚೂರು ಹೇಗೆ ಬಂತೆಂದು ವಿಚಾರಿಸಿಯೇ ಪ್ರಶ್ನೆ ಬರೆಯುತ್ತೇನೆ. ಅಕ್ಕನನ್ನು ಆಸ್ಪತ್ರೆಗೆ ಕರೆತಂದು ಮಲ್ಲಮ್ಮ ಇತ್ತ ಬರುವ ದಿನ ಮಾತ್ರ, ಅದನ್ನು ಮೇಜಿನ ಕೆಳಗೆ ಸರಿಸಿಡುತ್ತೇನೆ.